ಒಂದೇ ಸಲ ಕೇಳುವ ಊರು

ನನ್ನ ಮೊಮ್ಮಗಳು ಸರೋಜಾ ಧಾರವಾಡದಿಂದ ಹದಿನೆಂಟೇ ದಿನಕ್ಕೆ ವಾಪಸು ಓಡಿ ಬಂದದ್ದು ಹೊಟ್ಟೆ ಹಸಿದು. ಬೇರೆ ಏನೂ ಕಾರಣವಿಲ್ಲ. ಇಂಗ್ಲಿಷು ತಲೆಗೆ ಹತ್ತದೆ ಬಂದಳು, ಮನೆ ನೆನಪಾಗಿ ಬಂದಳು, ಹಾಸ್ಟೆಲಿನ ಹಿಂದಿನ ಬಾವಿಯಲ್ಲಿ ಏನನ್ನೋ ಕಂಡು ಬೆದರಿ ಬಂದಳು ಎಂದು ನಮ್ಮ ಓಣಿಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಹೇಳಲಿ. ಬಂದ ದಿನ ತಟ್ಟೆಯ ಮುಂದೆ ಕೂತವಳನ್ನು ನಾನು ನೋಡಿದ್ದೇನೆ, ಅವರು ನೋಡಿಲ್ಲ.

ಅವಳನ್ನು ಹಸಿವಿಗೆ ನೂಕಿದವಳು ನಾನೇ. ಇದನ್ನೂ ಮೊದಲೇ ಹೇಳಿಬಿಡುತ್ತೇನೆ. ತಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೊನೆಯವರೆಗೆ ನಿಮ್ಮನ್ನು ಕಾಯಿಸುವುದು ನನ್ನಿಂದಾಗದು.

ಎಂಬತ್ತರ ಆಸುಪಾಸಿನ ಮಾತು. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ನಮ್ಮೂರು ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು, ಕುಕನೂರಿನ ಸಂತೆಗೆ ನಡೆದೇ ಹೋಗಿಬರುವಷ್ಟು ದೂರ. ಸರೋಜಾ ನನ್ನ ಮಗ ವೀರಣ್ಣನ ಹಿರಿಯ ಮಗಳು. ಕೊಪ್ಪಳದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಪಿಯುಸಿ ಮುಗಿಸಿದಳು. ಒಳ್ಳೆಯ ಮಾರ್ಕು ಬಂತು, ಧಾರವಾಡದಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿತು. ನಮ್ಮೂರಿನಿಂದ ಅಷ್ಟು ದೂರ ಓದಲು ಹೊರಟ ಮೊದಲ ಹುಡುಗಿ ಅವಳು. ಹಾಗಾಗಿ ಅವಳನ್ನು ತಯಾರು ಮಾಡುವ ಕೆಲಸಕ್ಕೆ ಇಡೀ ಊರು ಕೈ ಹಾಕಿತು. ಇಡೀ ಊರು ಕೈ ಹಾಕಿದ ಕೆಲಸ ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ವೀರಣ್ಣ ಗದಗಿಗೆ ಹೋಗಿ ತಗಡಿನ ಟ್ರಂಕು ತಂದ. ಅದಕ್ಕೊಂದು ಬೀಗ ತಂದ. ಆ ಬೀಗವನ್ನು ಚಾವಡಿಯ ಬಾಗಿಲಿಗೆ ಹಾಕಿದ್ದರೂ ನಡೆಯುತ್ತಿತ್ತು. ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು, ಬಸ್ಸಿನಲ್ಲಿ ತೂಕಡಿಕೆ ಬಂದರೆ ಅದನ್ನು ಹೇಗೆ ಮುಷ್ಟಿಯಲ್ಲಿ ಹಿಡಿಯಬೇಕೆಂದು ಕಟ್ಟೆಯ ಮೇಲೆ ಕೂತು ತಾನೇ ತೂಕಡಿಸಿ ತೋರಿಸಿದ. ತೋರಿಸುತ್ತ ತೋರಿಸುತ್ತ ನಿಜವಾಗಿಯೂ ನಿದ್ದೆ ಹೋದ. ಪಕ್ಕದ ಮನೆಯ ಫಕೀರವ್ವ ಬಂದು, ಬಸ್ಸಿನಲ್ಲಿ ಅಪರಿಚಿತರು ನೀರು ಕೊಟ್ಟರೆ ಕುಡಿಯಬೇಡ, ಬಾಳೆಹಣ್ಣು ಕೊಟ್ಟರೆ ಮಾತ್ರ ತಿನ್ನಬಹುದು, ಸಿಪ್ಪೆಯೊಳಗೆ ಯಾರೂ ಏನೂ ಬೆರೆಸಲಾರರು ಎಂದು ತಿಳಿಹೇಳಿದಳು. ನಮ್ಮೂರ ಶಾಲೆಯ ಹೆಡ್‌ಮಾಸ್ತರರು ದಿನಾ ಸಂಜೆ ಬಂದು ಇಂಗ್ಲಿಷು ವಾಕ್ಯ ಬಾಯಿಪಾಠ ಮಾಡಿಸಿದರು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು "ಮೇ ಐ ಕಮ್ ಇನ್" ಎಂದು ಕೇಳುವಳು. ಬಾ ಎನ್ನಲು ಒಳಗಿದ್ದ ಯಾರಿಗೂ ಇಂಗ್ಲಿಷು ಬಾರದು. ಅವಳು ಹೊರಗೇ ನಿಂತಿರುವಾಗ ಒಲೆಯ ಮೇಲಿನ ಹಾಲು ಉಕ್ಕಿಹೋಯಿತು.

ಹೊರಡುವ ಮುಂಚೆ ಶಾಲೆಯಲ್ಲಿ ಒಂದು ಸಣ್ಣ ಸಮಾರಂಭವನ್ನೂ ಇಟ್ಟುಕೊಂಡರು. ಹೆಡ್‌ಮಾಸ್ತರರು ಭಾಷಣದಲ್ಲಿ, ಗಂಗಾವತಿ ಕಡೆಯ ಭತ್ತದ ಸಸಿಯ ಹಾಗೆ ನಮ್ಮ ಮಕ್ಕಳನ್ನೂ ಹುಟ್ಟಿದ ಮಡಿಯಿಂದ ಕಿತ್ತು ಬೇರೆ ಗದ್ದೆಯಲ್ಲಿ ನೆಟ್ಟರೆ ಮಾತ್ರ ತೆನೆ ತುಂಬುತ್ತದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಮದುವೆಗೆ ಮುಂಚೆ ನವಲಿಯಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಒಂದು ವರ್ಷವಿದ್ದು ಕೆರೆ ಕೆಳಗಿನ ಗದ್ದೆಯಲ್ಲಿ ನಾಟಿ ಮಾಡಿದವಳು ನಾನು. ನೆಟ್ಟ ಸಸಿ ಮೊದಲ ಎಂಟು ದಿನ ಹಳದಿಯಾಗಿ ಸತ್ತಂತೆ ಮಲಗಿರುತ್ತದೆ. ಅದನ್ನು ಯಾವ ಮಾಸ್ತರರೂ ಭಾಷಣದಲ್ಲಿ ಹೇಳುವುದಿಲ್ಲ. ಅಲ್ಲದೆ ಸಸಿಗೆ ಬಾಯಿಲ್ಲ. ನೀರು ಬಿಟ್ಟರೆ ಸುಮ್ಮನೆ ಕುಡಿಯುತ್ತದೆ, ಸಾಕ್ರಿ ಬ್ಯಾಡ್ರಿ ಅನ್ನುವುದಿಲ್ಲ. ಹುಡುಗಿಗೆ ಬಾಯಿದೆ. ಆ ಬಾಯಿಗೆ ಪಾಠ ಹೇಳಿದವಳು ನಾನು.

ಏನು ಪಾಠ ಎಂದರೆ, ಇನ್ನೊಬ್ಬರ ಮನೆಯಲ್ಲಿ ಮೊದಲ ಸಲ ಕೇಳಿದ್ದಕ್ಕೆ ಹೂಂ ಅನ್ನಬಾರದು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ನೀವು ನಮ್ಮ ಮನೆಗೆ ಬಂದಿರಿ ಅನ್ನಿ. ಚಹಾ ಕುಡೀತೀರೇನು ಎಂದು ನಾನು ಕೇಳುತ್ತೇನೆ. ನೀವು, "ಏ ಬ್ಯಾಡ್ರಿ, ಈಗರ ಕುಡುದು ಬಂದೀನಿ," ಅನ್ನಬೇಕು. ಈ ಬ್ಯಾಡಕ್ಕೆ ಅರ್ಥವಿಲ್ಲ, ಅದು ಹೊಸ್ತಿಲು ಇದ್ದ ಹಾಗೆ, ದಾಟಲಿಕ್ಕೆ ಇರುವುದು. ನಾನು ಮತ್ತೆ ಕೇಳುತ್ತೇನೆ. ಎರಡನೆಯ ಬ್ಯಾಡ ಸ್ವಲ್ಪ ಮೆತ್ತಗಿರುತ್ತದೆ. ಮೂರನೆಯ ಸಲ ನಾನು ಕೇಳುವುದೇ ಇಲ್ಲ, ಒಳಗೆ ಹೋಗಿ ಚಹಾ ಇಡುತ್ತೇನೆ. ಊಟದಲ್ಲೂ ಹೀಗೇ. ಬಡಿಸಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಆಗ ಮುಖ ನೋಡಬಾರದು, ಬೆರಳು ನೋಡಬೇಕು. ಬೆರಳುಗಳ ನಡುವೆ ಸಂದಿ ಇದ್ದರೆ ಹಾಕು ಎಂದರ್ಥ. ಬೆರಳು ಬಿಗಿಯಾಗಿ ಕೂಡಿದ್ದರೆ ಒಂದು ತುತ್ತು ಮಾತ್ರ ಹಾಕು ಎಂದರ್ಥ. ನಿಜವಾಗಿ ಬೇಡವಾದವನು ತಟ್ಟೆ ಎತ್ತಿಕೊಂಡು ಓಡುತ್ತಾನೆ, ಬೇರೆ ದಾರಿಯಿಲ್ಲ.

ಇದನ್ನು ತಿಳಿಯದವರ ಗತಿ ಏನಾಗುತ್ತದೆಂದರೆ, ನಮ್ಮ ನಾದಿನಿಯ ಅಳಿಯ ಮದುವೆಯಾದ ಹೊಸತರಲ್ಲಿ ಮೊದಲ ಸಲ ಬಂದವನು, "ಇನ್ನೊಂದು ಹೋಳಿಗಿ ಹಾಕ್ಲೇನ್ರಿ?" ಎಂದು ನಾವು ಕೇಳಿದ್ದೇ ತಡ, "ಹಾಕ್ರಿ," ಅಂದುಬಿಟ್ಟ. ಅವನು ಬಳ್ಳಾರಿ ಪೇಟೆಯಲ್ಲಿ ಬೆಳೆದವನು, ಪಾಪ. ಬಡಿಸುತ್ತಿದ್ದವಳು ಹೋಳಿಗೆಯನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. ಹನ್ನೊಂದು ವರ್ಷ ಅವನ ಹೆಸರು ನಮ್ಮ ಮನೆಯಲ್ಲಿ 'ಹಾಕ್ರಿ ಅಳಿಯ' ಎಂದೇ ಇತ್ತು. ಆ ಹೆಸರು ಇಟ್ಟವಳು ನಾನು. ಈ ರೀತಿಯ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟು.

ಅದಕ್ಕೇ ಸರೋಜಾಳ ಟ್ರಂಕಿಗೆ ಬೀಗ ಹಾಕುವ ಹೊತ್ತಿಗೆ ನಾನು ಹೇಳಿದ ಮಾತೂ ಅದೇ: "ಅಲ್ಲೆ ದೊಡ್ಡ ದೊಡ್ಡ ಮನಿತನದ ಮಕ್ಕಳು ಇರ್ತಾರ. ಆಸೆಬುರುಕರಂಗ ಕೈ ಒಡ್ಡಬ್ಯಾಡ. ಮನಿ ಹೆಸರು ಕೆಡಿಸಬ್ಯಾಡ." ಸರೋಜಾ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಪಂಚಮಿಗೆ ಇನ್ನೂ ಹದಿನೈದು ದಿನವಿರುವಾಗ ಒಂದು ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದಳು. ಟ್ರಂಕು ತಂದಿರಲಿಲ್ಲ, ಅಷ್ಟೇ ಸಮಾಧಾನ. ಕೊರಳೆಲುಬು ಎದ್ದು ಕಾಣುತ್ತಿತ್ತು. ಯಾರು ಏನು ಕೇಳಿದರೂ, "ನಾ ಒಲ್ಲೆ, ನಾ ಹೋಗಂಗಿಲ್ಲ," ಎಂಬುದೊಂದೇ ಉತ್ತರ.

ಸಂಜೆಯ ಹೊತ್ತಿಗೆ ಕಟ್ಟೆಯ ಮೇಲೆ ಜನ ಕೂಡಿತು. ಹೆಡ್‌ಮಾಸ್ತರರು ಇಂಗ್ಲಿಷು ಕಷ್ಟವಾಗಿದೆ ಅಂದರು. ಫಕೀರವ್ವ ಬಾವಿಯ ಕಥೆ ಹುಟ್ಟಿಸಿದಳು. ನನ್ನ ಸೊಸೆ ಗಂಗವ್ವ, ಹುಡುಗಿಗೆ ಮನೆಯ ಹಂಬಲವಾಗಿದೆ ಎಂದು ಕಣ್ಣೊರೆಸಿಕೊಂಡಳು. ಎರಡು ವರ್ಷ ಕೊಪ್ಪಳದಲ್ಲಿ ಹಂಬಲವಿಲ್ಲದೆ ಇದ್ದವಳಿಗೆ ಈಗ ಎಲ್ಲಿಂದ ಬಂತು ಹಂಬಲ? ನನಗೆ ನಂಬಿಕೆ ಬರಲಿಲ್ಲ. ವೀರಣ್ಣ ಮಾತ್ರ ಸಿಟ್ಟೂ ಮಾಡಲಿಲ್ಲ, ಬೇಸರವೂ ಪಡಲಿಲ್ಲ. ಬೀಡಿ ಹಚ್ಚಿ, "ಬಂದದ್ದು ಛಲೋ ಆತು ಬಿಡು," ಅಂದ. ಕುಷ್ಟಗಿಯ ಶರಣಪ್ಪ ಎಂಬವರು ತಮ್ಮ ಮಗನಿಗೆ ಸರೋಜಾಳನ್ನು ಕೇಳಿ ಆಗಲೇ ಎರಡು ಸಲ ಹೇಳಿಕಳಿಸಿದ್ದರು. ಹುಡುಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮುಂದಿನ ವಾರ ರವಿವಾರ ಹೆಣ್ಣು ನೋಡಲು ಬರ್ರಿ ಎಂದು ವೀರಣ್ಣ ಮರುದಿನವೇ ಸುದ್ದಿ ಮುಟ್ಟಿಸಿದ.

ಸೊರಗಿದ್ದು ಕಂಡು ಹಾಸ್ಟೆಲಿನವರು ತಾವಾಗಿಯೇ ಸರೋಜಾಳಿಗೆ ಕೊಟ್ಟ ರಜೆ ಆ ರವಿವಾರಕ್ಕೆ ಮುಗಿಯುತ್ತಿತ್ತು. ಸೋಮವಾರ ಕಾಲೇಜಿನಲ್ಲಿ ಮುಖ ಕಾಣದಿದ್ದರೆ ಹೆಸರು ಹೊಡೆದುಹಾಕಿ, ಆ ಸೀಟು ಸರದಿಯಲ್ಲಿರುವ ಇನ್ನೊಬ್ಬರಿಗೆ. ಅಂದರೆ ಎಲ್ಲದಕ್ಕೂ ಸೇರಿ ಇದ್ದದ್ದು ಒಂಬತ್ತೇ ದಿನ.

ನಾನು ಕಟ್ಟೆಯ ಮಾತು ಬಿಟ್ಟು ಒಳಗೆ ಹೋಗಿ ಅವಳ ಊಟ ನೋಡುತ್ತ ಕೂತೆ. ಗಂಗವ್ವ ಕೇಳುತ್ತಲೇ ಇರಲಿಲ್ಲ, ಹಾಕುತ್ತಲೇ ಇದ್ದಳು. ಹುಡುಗಿ ಸಾಕು ಸಾಕು ಎನ್ನುತ್ತಲೇ ಐದು ರೊಟ್ಟಿ, ಮೇಲೆ ಎರಡು ಸೌಟು ಅನ್ನ ಮುಗಿಸಿದಳು. ಪುಂಡಿಪಲ್ಯದ ಬೋಗುಣಿಯನ್ನು ಬೆರಳಿಂದ ಬಳಿದಳು. ಬೋಗುಣಿ ಬಳಿಯುವ ಹುಡುಗಿಯಲ್ಲ ಅವಳು.

"ಅಲ್ಲೆ ಉಣ್ಣಾಕ ಏನ್ ಹಾಕ್ತಾರ?" ಅಂದೆ.

"ಎಲ್ಲಾ ಹಾಕ್ತಾರ ಆಯಿ. ಚಪಾತಿ, ಪಲ್ಯ, ಅನ್ನ, ಸಾರು. ಛಲೋ ಇರ್ತೈತಿ."

"ಎಷ್ಟ್ ಚಪಾತಿ?"

"ಮೊದ್ಲ ಎರಡು ಹಾಕ್ತಾರ. ವೀಳ್ಯದೆಲಿಯಷ್ಟು ತೆಳ್ಳಗ. ಆಮ್ಯಾಲ ಒಬ್ಬವ ಬುಟ್ಟಿ ಹಿಡ್ಕೊಂಡು ಚಪಾತಿ ಬೇಕಾ, ಚಪಾತಿ ಬೇಕಾ ಅನಕೋಂತ ಬರ್ತಾನ."

"ನೀ ಏನಂತೀದಿ?"

ಅವಳು ನನ್ನನ್ನು ಬೆಪ್ಪಳನ್ನು ನೋಡುವ ಹಾಗೆ ನೋಡಿದಳು. "ಸಾಕ್ರಿ ಅಂತೀನಿ."

"ಆಮ್ಯಾಲ?"

"ಆಮ್ಯಾಲ ಏನೈತಿ? ಅವ ಮುಂದ ಹೋಗಿಬಿಡ್ತಾನ, ಆಯಿ." ಬೋಗುಣಿಯನ್ನು ಇನ್ನೊಮ್ಮೆ ಬಳಿದಳು. "ಒಂದ್ ದಿನಾನೂ ತಿರುಗಿ ನೋಡಲಿಲ್ಲ ಅವ."

ನನಗೆ ಮೊದಲು ನಗು ಬಂತು. ಬಾಯಿಗೆ ಸೆರಗು ಹಿಡಿದು ನಕ್ಕೆ. ಆಮೇಲೆ ಲೆಕ್ಕ ಹಾಕಿ ನೋಡಿದೆ: ದಿನಕ್ಕೆ ಎರಡು ಹೊತ್ತು, ಹದಿನೆಂಟು ದಿನ, ಇನ್ನೂರು ಹುಡುಗಿಯರ ನಡುವೆ ಮರ್ಯಾದೆಯಿಂದ ಉಪವಾಸ. ನಗು ನಿಂತಿತು.

ಧಾರವಾಡದವರು ಕೆಟ್ಟವರಲ್ಲ. ಅವರೂ ತಮ್ಮ ಮನೆಯಲ್ಲಿ ನಮ್ಮ ಹಾಗೆಯೇ ಒತ್ತಾಯ ಮಾಡಿ ಉಣ್ಣಿಸುವವರು. ಆದರೆ ಹಾಸ್ಟೆಲು ಮನೆಯಲ್ಲ. ಇನ್ನೂರು ತಟ್ಟೆಗೆ ಒಬ್ಬ ಬುಟ್ಟಿ ಹಿಡಿದು ಒಂದು ಸುತ್ತು ಬರುತ್ತಾನೆ. ಅವನು ಒಬ್ಬೊಬ್ಬರ ಬೆರಳಿನ ಸಂದಿ ನೋಡುತ್ತ ನಿಂತರೆ ಮಧ್ಯಾಹ್ನದ ಊಟ ಸಂಜೆಗೆ ಮುಗಿದೀತು. ಬ್ಯಾಡ ಅನ್ನುವುದು ಇಬ್ಬರು ಸೇರಿ ಆಡುವ ಆಟ; ಒತ್ತಾಯ ಮಾಡುವವನು ಎದುರಿಗೆ ಇದ್ದರೆ ಅದು ಮರ್ಯಾದೆ, ಇಲ್ಲದಿದ್ದರೆ ಬರೀ ಹಸಿವು. ಅರವತ್ತು ವರ್ಷ ದಾಟಿದ ನನಗೇ ಇದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ನಾನೇ ಆಟದ ಅರ್ಧ ಭಾಗವನ್ನು ಮಾತ್ರ ಕಟ್ಟಿ ಅವಳ ಕೈಯಲ್ಲಿ ಕೊಟ್ಟು ಕಳಿಸಿದ್ದೆ.

ಕೆದಕಿದಷ್ಟೂ ಹೊರಬಂತು. ಕಚೇರಿಯ ಗುಮಾಸ್ತ, ಸ್ಕಾಲರ್‌ಶಿಪ್ಪಿನ ಅರ್ಜಿ ಬೇಕೇನಮ್ಮ ಎಂದು ಕೇಳಿದಾಗ, "ಇರ್ಲಿ ಬಿಡ್ರಿ," ಎಂದು ಬಂದಿದ್ದಳು. ಅವನು ಕರೆದು ಕೊಡುತ್ತಾನೆಂದು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತೂ ಇದ್ದಳಂತೆ. ಪಾಠ ಹೇಳುವವರು, ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಲೇ ಎಂದರೆ, "ಬ್ಯಾಡ್ರಿ ಸರ್," ಅಂದಿದ್ದಳು. ಅವರಿಗೆ ಯಾಕೆ ತೊಂದರೆ ಎಂದು.

ಇದು ಕೇಳಿದಾಗ ನನಗೆ ನನ್ನ ಶಾಲೆ ನೆನಪಾಯಿತು. ನಾನು ಶಾಲೆಗೆ ಹೋದದ್ದು ಮೂರು ವರ್ಷ. ನಿಜಾಮನ ಕಾಲ, ಪಾಠವೆಲ್ಲ ಉರ್ದುವಿನಲ್ಲಿ. ತಿಳೀತೇ ಎಂದು ಉಸ್ತಾದರು ಕೇಳುತ್ತಿದ್ದರು. ಒಳ್ಳೆಯ ಮನುಷ್ಯ, ಒಂದು ದಿನವೂ ಬೆತ್ತ ಎತ್ತಲಿಲ್ಲ. ತಿಳಿಯಲಿಲ್ಲ ಅಂದರೆ ಅವರಿಗೆ ಬೇಜಾರಾದೀತೆಂದು ನಾವೆಲ್ಲ ಒಟ್ಟಿಗೆ "ಜೀ ಹಾಂ" ಅನ್ನುತ್ತಿದ್ದೆವು. ಮೂರು ವರ್ಷ ಜೀ ಹಾಂ ಅಂದೆ. ಒಂದಕ್ಷರವೂ ತಿಳಿಯಲಿಲ್ಲ. ಹುಡುಗಿಯ ತಲೆಗೆ ಓದು ಹತ್ತುವುದಿಲ್ಲ ಎಂದು ಅಪ್ಪ ಬಿಡಿಸಿ ಹೊಲಕ್ಕೆ ಹಚ್ಚಿದ. ಕನ್ನಡ ಅಕ್ಷರ ಕಲಿತದ್ದು ಎಷ್ಟೋ ವರ್ಷದ ಮೇಲೆ, ಮಗನ ಪಾಟಿಯ ಮೇಲೆ. ಇದಕ್ಕೆ ನಾನು ಅತ್ತವಳಲ್ಲ, ಈಗಲೂ ಅಳುವುದಿಲ್ಲ. ಆದರೆ ಅದೇ ಜೀ ಹಾಂ ಮೊಮ್ಮಗಳ ಬಾಯಲ್ಲಿ ಬ್ಯಾಡ್ರಿ ಆಗಿ ಕೂತಿದೆ, ಅದನ್ನು ಕೂರಿಸಿದವಳು ನಾನು ಎಂದ ಮೇಲೆ, ಕೀಳುವುದೂ ನನ್ನ ಕೆಲಸವೇ.

"ಧಾರವಾಡಕ್ಕ ಹೋಗೂದು ಬಿಡೂದು ಆಮ್ಯಾಲ," ಅಂದೆ ಅವಳಿಗೆ. "ಮೊದ್ಲ ಹೊಟ್ಟಿತುಂಬ ಕೇಳಿ ಉಣ್ಣೂದು ಕಲಿ."

ಮರುದಿನದಿಂದ ಮನೆಯಲ್ಲಿ ಕಾಯ್ದೆ ಜಾರಿಗೆ ಬಂತು. ಯಾರಿಗೇ ಆಗಲಿ, ಒಂದು ಸಲ ಮಾತ್ರ ಕೇಳುವುದು. ಬೇಕು ಅಂದರೆ ಹಾಕುವುದು, ಬೇರೆ ಏನೇ ಅಂದರೂ ಬುಟ್ಟಿ ಮುಂದೆ ಹೋಗುವುದು. ಸರೋಜಾಳೊಬ್ಬಳಿಗೇ ಮಾಡಿದರೆ ಅದು ಶಿಕ್ಷೆಯಾಗುತ್ತಿತ್ತು, ಆದ್ದರಿಂದ ಇಡೀ ಮನೆಗೆ.

ಮೊದಲ ದಿನ ಸೋತವಳು ಗಂಗವ್ವ. ಅವಳ ಕೈಗೆ ಕಿವಿಯಿಲ್ಲ. ಬ್ಯಾಡ ಅಂದರೂ ಹಾಕುತ್ತದೆ, ಸುಮ್ಮನಿದ್ದರೂ ಹಾಕುತ್ತದೆ. ಮೂರು ಸಲ ಅವಳ ಕೈ ಹಿಡಿದೆ. "ಅತ್ತಿ, ಇದು ಪಾಪದ ಕೆಲಸ ನೋಡ್ರಿ, ಹೆತ್ತ ಮಗಳ ತಾಟಿಗೆ ರೊಟ್ಟಿ ಹಾಕಬ್ಯಾಡ ಅಂತೀರಲ್ಲ," ಎಂದು ಅಡುಗೆಮನೆಯಿಂದಲೇ ಶಾಪ ಹಾಕಿದಳು. ಎರಡನೆಯವನು ವೀರಣ್ಣ. ಹೊಲದಿಂದ ಬಂದು ಕೂತವನಿಗೆ, "ಅನ್ನ ಹಾಕಲೇನು?" ಅಂದೆ. ಅಭ್ಯಾಸದಂತೆ, "ಸಾಕ್ಬೇ," ಅಂದ. ನಾನು ಬೋಗುಣಿ ಎತ್ತಿಕೊಂಡು ಎದ್ದೆ. ಅವನು ಸ್ವಲ್ಪ ಹೊತ್ತು ಖಾಲಿ ತಟ್ಟೆ ನೋಡಿದ, ಆಮೇಲೆ ಗೋಡೆ ನೋಡಿದ, ಆಮೇಲೆ ಕೈ ತೊಳೆದುಕೊಂಡು ಎದ್ದು ಹೋದ. ನಲವತ್ತೈದು ವರ್ಷದ ಗಂಡಸು ಸ್ವಂತ ಮನೆಯಲ್ಲಿ ಅನ್ನ ಬೇಕು ಅನ್ನಲಾರದೆ ಫಕೀರವ್ವನ ಮನೆಗೆ ಹೋಗಿ ಬಜಿ ತಿಂದು ಬಂದ. ಅಲ್ಲಿ ಮೂರು ಸಲ ಕೇಳಿದರಂತೆ.

ಸರೋಜಾ ಎರಡು ದಿನ ಅರೆಹೊಟ್ಟೆಯಲ್ಲಿ ಎದ್ದಳು. ರೊಟ್ಟಿ ಅಂತ ನಾನು ಬುಟ್ಟಿ ಹಿಡಿದು ಬಂದರೆ ಅವಳ ಬಾಯಿ 'ಸಾ' ಎಂಬಲ್ಲಿಗೆ ಬಂದು ನಿಲ್ಲುವುದು. ಅಷ್ಟರಲ್ಲಿ ನಾನು ಮುಂದೆ. ಮೂರನೆಯ ದಿನ ಅತ್ತಳು. ಅಳಲಿ ಅಂದೆ. ಅಳುವಾಗ ಬಾಯಿ ತೆರೆದೇ ಇರುತ್ತದೆ, ಅಲ್ಲಿಂದ ಬೇಕು ಅನ್ನುವುದಕ್ಕೆ ದೂರವಿಲ್ಲ. ಆ ಸಂಜೆ ತಟ್ಟೆಯನ್ನೇ ನೋಡುತ್ತ, ಇರುವೆಗೆ ಹೇಳುವ ಹಾಗೆ, "ಬೇಕು," ಅಂದಳು.

"ನಾ ಕಿವುಡಿ," ಅಂದೆ. "ಚಪಾತಿ ಬುಟ್ಟಿಯವನೂ ಕಿವುಡ ಅದಾನಂತ ತಿಳಕೋ."

"ಬೇಕು!" ಎಂದು ಕೂಗಿದಳು. ಹೊರಗೆ ಎಮ್ಮೆ ಕಿವಿ ನಿಮಿರಿಸಿತು. ಒಂದು ರೊಟ್ಟಿ ಹಾಕಿದೆ.

"ಇನ್ನೊಂದು ಬೇಕು."

ಹಾಕಿದೆ. ಗಂಗವ್ವ ಅಡುಗೆಮನೆಯಲ್ಲಿ ಅಳುತ್ತಿದ್ದಳೋ ನಗುತ್ತಿದ್ದಳೋ ನೋಡಲು ಹೋಗಲಿಲ್ಲ.

ತಟ್ಟೆಯ ಪಾಠ ಮುಗಿದ ಮೇಲೆ ಕಚೇರಿಯ ಪಾಠ. ತೀರಿಹೋದ ನಮ್ಮ ಯಜಮಾನರ ಕನ್ನಡಕ ಹಾಕಿಕೊಂಡು, ಎದುರಿಗೊಂದು ಮಣೆ ಇಟ್ಟುಕೊಂಡು ನಾನು ಗುಮಾಸ್ತಳಾದೆ. ಕನ್ನಡಕದಲ್ಲಿ ನನಗೇನೂ ಕಾಣುತ್ತಿರಲಿಲ್ಲ, ಗುಮಾಸ್ತರಿಗೂ ಹಾಗೇ ಇರಬಹುದು. ಅರ್ಜಿ ಮುಗಿದಿದೆ, ನಾಳೆ ಬಾ ಅನ್ನುವೆ. "ನಾಳಿ ಎಷ್ಟೊತ್ತಿಗೆ ಬರ್ಲಿರಿ?" ಎಂದು ಕೇಳುವುದನ್ನು ಕಲಿಯಲು ಅವಳಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಕಡೆಗೆ ಪಾಠ ಹೇಳುವವರ ಸರದಿ. ಸೈನ್ಸು ನನಗೇನು ಗೊತ್ತು? ಈದ ಎಮ್ಮೆಗೆ ಕಲಗಚ್ಚು ಹೇಗೆ ಬೆರೆಸಬೇಕೆಂದು ಬೇಕೆಂದೇ ಗಡಬಡಿಸಿ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ನಡುವೆ ಕೈ ಎತ್ತಿ, "ತಿಳಿಲಿಲ್ರಿ, ಇನ್ನೊಮ್ಮಿ ಹೇಳ್ರಿ," ಅನ್ನಬೇಕು. ಅಂದಳು. ಅನ್ನುವಾಗ ಕಿವಿಯವರೆಗೆ ಕೆಂಪಾದಳು. ಎಷ್ಟು ಸಲ ಅಂದಳೆಂದರೆ ನನಗೇ ಕಲಗಚ್ಚಿನ ಅಳತೆ ಮರೆತುಹೋಯಿತು.

ಈ ಪಾಠವನ್ನು ಆಮೇಲೆ ಬೇರೆ ಮಕ್ಕಳಿಗೂ ಹೇಳಿದ್ದೇನೆ. ತಾವರಗೇರಾದ ಒಬ್ಬ ಬೀಗರು ತಮ್ಮ ಮಗಳು ಮೆಟ್ರಿಕ್ ಮುಗಿಸಿದಾಗ ಒಂದು ವಾರ ಬಿಟ್ಟು ಹೋಗಿದ್ದರು. ಕಷ್ಟವಾಗುವುದು ದಡ್ಡ ಮಕ್ಕಳಿಗಲ್ಲ. ಒಳ್ಳೆಯ ಮನೆಯಲ್ಲಿ ಬೆಳೆದ, ಹೇಳಿದ ಮಾತು ಕೇಳುವ ಮಕ್ಕಳಿಗೇ ಬಹಳ ಕಷ್ಟ. ಅವರಿಗೆ ಮರ್ಯಾದೆ ಎಂಬುದು ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಸುಲಿಯಬಾರದು. ಅಂಗಿಯ ಹಾಗೆ ತೆಗೆದಿಟ್ಟು ಊರಿಗೆ ಬಂದಾಗ ತೊಟ್ಟುಕೊಳ್ಳುವುದನ್ನು ಕಲಿಸಬೇಕು.

ಸರೋಜಾ ಗೆಲುವಾದಳು. ಆದರೆ ಹೋಗುತ್ತೇನೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ಅಪ್ಪನ ಮುಖ ನೋಡುವಳು, ಸುಮ್ಮನಾಗುವಳು. ವೀರಣ್ಣ ಕುಷ್ಟಗಿಯವರಿಗಾಗಿ ಗೋಡೆಗೆ ಸುಣ್ಣ ಹೊಡೆಸುತ್ತಿದ್ದ. ಅವನನ್ನು ತಡೆಯಬಹುದಿತ್ತು, ನಾನು ಬಾಯಿ ಮಾಡಿದರೆ ನಮ್ಮ ಮನೆಯಲ್ಲಿ ಕೇಳದವರಿಲ್ಲ. ಆದರೆ ಅವಳ ಬದಲಿಗೆ ನಾನು ಬೇಕು ಅಂದರೆ ಕಲಿಸಿದ್ದೆಲ್ಲ ನೀರಿಗೆ ಹೋದ ಹಾಗೆ. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ದಿನ ಸುಮ್ಮನಿದ್ದದ್ದು ಅದೊಂದೇ ಸಲ.

ರವಿವಾರ ಹನ್ನೊಂದರ ಹೊತ್ತಿಗೆ ಶರಣಪ್ಪನವರು ಬಂದರು. ಜೊತೆಗೆ ಹುಡುಗ, ಹುಡುಗನ ಸೋದರತ್ತೆ. ಜಮಖಾನೆ ಹಾಸಿ ಕೂರಿಸಿದೆವು. ಒಳಗೆ ಗಂಗವ್ವ ಉಪ್ಪಿಟ್ಟು, ಶಿರಾ ಮಾಡಿದ್ದಳು. ತುಪ್ಪದ ವಾಸನೆ ಅಂಗಳದವರೆಗೆ ಹಬ್ಬಿತ್ತು. ಅವಳು ಬಾಗಿಲಿಗೆ ಬಂದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಉಪ್ಪಿಟ್ಟು ಹಾಕ್ಲೇನ್ರಿ?" ಎಂದು ಕೇಳಿದಳು.

"ಏ ಬ್ಯಾಡ್ರಿ ಬ್ಯಾಡ್ರಿ," ಅಂದರು ಶರಣಪ್ಪನವರು, ಪದ್ಧತಿಯಂತೆ. "ಊಟಾನ ಮಾಡ್ಕೊಂಡು ಬಂದೀವಿ."

ಗಂಗವ್ವ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಎಂಟು ದಿನ ಬಡಿದು ಬಡಿದು ಹಾಕಿದ ಕಾಯ್ದೆ ಕಡೆಗೂ ಅವಳ ಕೈಗೆ ಇಳಿದದ್ದು ಆ ಗಳಿಗೆಯಲ್ಲಿ. ಇದನ್ನು ನಾನು ಹೂಡಿದ ಆಟ ಎಂದು ಫಕೀರವ್ವ ಊರೆಲ್ಲ ಹೇಳಿಕೊಂಡು ಬಂದಳು. ಅಷ್ಟು ಬುದ್ಧಿ ನನಗಿದ್ದರೆ ಮೂರನೇ ಇಯತ್ತೆಗೆ ಶಾಲೆ ಬಿಡುತ್ತಿರಲಿಲ್ಲ. ಬೀಗರಿಗೆ ಕಾಯ್ದೆ ಇಲ್ಲ ಎಂದು ಅವಳಿಗೆ ಹೇಳಲು ಮರೆತಿದ್ದೆ, ಅಷ್ಟೇ. ಆದರೆ ಅವಳು ಒಳಗೆ ಹೋದದ್ದನ್ನು ಕಂಡೂ ನಾನು ಎದ್ದು ಹೋಗಿ ಹೇಳಲಿಲ್ಲ. ಅದೂ ನಿಜ.

ಹುಡುಗನ ಅತ್ತೆಯ ಕಣ್ಣು ಅಡುಗೆಮನೆಯ ಬಾಗಿಲು ಬಿಟ್ಟು ಕದಲಲಿಲ್ಲ. ಶರಣಪ್ಪನವರು ಎರಡು ಸಲ ಕೆಮ್ಮಿದರು. ಮಳೆಯ ಮಾತು ಮುಗಿಯಿತು, ಶೇಂಗಾ ಬಿತ್ತನೆಯ ಮಾತು ಮುಗಿಯಿತು, ತಟ್ಟೆ ಬರಲಿಲ್ಲ. ವೀರಣ್ಣ ನನ್ನ ಕಡೆ ಕಣ್ಣು ಬಿಡುತ್ತಿದ್ದ. ಕಡೆಗೆ ಸರೋಜಾಳನ್ನು ಕರೆದು ಕೂರಿಸಿದರು.

ಶರಣಪ್ಪನವರು ಒಳ್ಳೆಯವರೇ. ನಗುತ್ತ ಕೇಳಿದರು: "ಏನವಾ, ಓದೂದು ಸಾಕಾತಿಲ್ಲೋ?"

ಇದಕ್ಕೆ ತಲೆ ತಗ್ಗಿಸಿ ಹೂಂ ಅನ್ನಬೇಕು. ಕೇಳಿದವರಿಗೂ ಅಷ್ಟೇ ಬೇಕಾಗಿತ್ತು. ಸರೋಜಾ ತಲೆ ತಗ್ಗಿಸಿಯೇ ಇದ್ದಳು. ಅವಳ ಬೆರಳು ಸೆರಗಿನ ತುದಿಯನ್ನು ಸುತ್ತುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವರು ಇನ್ನೊಮ್ಮೆ ಕೇಳುವುದಿಲ್ಲ, ಹುಡುಗಿ, ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

"ಇಲ್ರಿ," ಅಂದಳು. "ನನಗ ಓದೂದು ಬೇಕ್ರಿ."

"ಆತಲ್ಲ, ಮದುವಿ ಆದಮ್ಯಾಲ ಓದಿದ್ರಾತು."

"ಮೊದ್ಲ ಓದಬೇಕ್ರಿ. ನಾಳಿ ಧಾರವಾಡಕ್ಕ ಹೋಗಬೇಕ್ರಿ ನಾ."

ಅಲ್ಲಿ ಕೂತ ಹುಡುಗ ಮೊದಲ ಬಾರಿಗೆ ತಲೆ ಎತ್ತಿ ಅವಳನ್ನು ನೋಡಿದ. ಸಿಟ್ಟಿನಿಂದಲ್ಲ, ಒಂದು ಥರದ ಅಚ್ಚರಿಯಿಂದ. ಅವನಿಗೂ ಯಾವಾಗಲೋ ಏನೋ ಬೇಕಿತ್ತೇನೋ. ಶರಣಪ್ಪನವರು ಟೋಪಿ ಸರಿಮಾಡಿಕೊಂಡು, "ಹಂಗಾರ ತಿಳಿಸ್ತೀವ್ರಿ," ಎಂದು ಎದ್ದರು. ಅತ್ತೆ ಮಾತ್ರ ಹೊಸ್ತಿಲಲ್ಲಿ ನಿಂತು ನನಗೆ ಹೇಳಿಯೇ ಹೋದಳು: "ಉಪ್ಪಿಟ್ಟು ಭಾಳ ಘಮಘಮ ಅಂತಿತ್ತು ಬಿಡ್ರಿ ನಿಮ್ಮನ್ಯಾಗ!"

ಅವರು ಓಣಿ ದಾಟಿದ ಮೇಲೆ ವೀರಣ್ಣ ಕೂಗಾಡುತ್ತಾನೆಂದು ಕಾದೆವು. ಅವನು ಜಮಖಾನೆಯ ಮೇಲೆಯೇ ಕೂತ. ಗಂಗವ್ವ ಒಳಗಿಂದ ಹೆದರುತ್ತ ಬಂದು, "ಹಾಕ್ಲೇನ್ರಿ?" ಅಂದಳು.

"ಹಾಕು," ಅಂದ. ಬೋಗುಣಿಯಲ್ಲಿ ಅಷ್ಟೂ ಜನರ ಉಪ್ಪಿಟ್ಟಿತ್ತು. ತಿಂದ. "ಇನ್ನೊಂದಿಷ್ಟು ಹಾಕು," ಎಂದು ತಾನಾಗಿಯೇ ಕೇಳಿದ. ಎರಡನೆಯ ತಟ್ಟೆ ಮುಗಿಸಿ, ನನ್ನ ಕಡೆ ನೋಡದೆ ಹೇಳಿದ: "ಅಕಿ ಹಿಂಗ ಮಾತಾಡಿದ್ದು ನಾ ಒಂದ್ ದಿನಾನೂ ಕೇಳಿದ್ದಿಲ್ಲ."

ನಾನು ಅವನ ಖಾಲಿ ತಟ್ಟೆ ಎತ್ತಿಕೊಂಡೆ.

"ಮುಂಜಾನಿ ಆರೂವರಿ ಬಸ್ಸಿಗೆ ಹತ್ತಿದ್ರ ಗದಗಿನ್ಯಾಗ ಹುಬ್ಬಳ್ಳಿ ಬಸ್ಸು ಸಿಗತೈತೇನು?" ಎಂದು ಕೇಳಿದ. ಯಾರನ್ನು ಕೇಳಿದನೋ ಗೊತ್ತಿಲ್ಲ. ಸರೋಜಾ ಬಾಗಿಲ ಹಿಂದಿನಿಂದ, "ಸಿಗತೈತಿ ಅಪ್ಪ, ಹನ್ನೊಂದಕ್ಕೆಲ್ಲ ಕಾಲೇಜಿಗೆ ಮುಟ್ಟತೀನಿ," ಅಂದಳು.

ಮರುದಿನ ಮುಂಜಾನೆ ನಾನು ಎದ್ದು ನೋಡುವ ಹೊತ್ತಿಗೆ ಗಂಗವ್ವ ಖಡಕ್ ರೊಟ್ಟಿಯ ದೊಡ್ಡ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಐವತ್ತಕ್ಕೆ ಕಡಿಮೆ ಇರಲಿಲ್ಲ. ಹಿಂದಿನ ಸಲ ಮೆಸ್ಸಿದೆ ಎಂದು ಬುತ್ತಿ ಕಟ್ಟಿರಲಿಲ್ಲ. "ಇಷ್ಟಿದ್ರ ಒಂದ್ ತಿಂಗಳು ಅಕಿ ಯಾರನ್ನೂ ಏನೂ ಕೇಳೂದ ಬ್ಯಾಡ ನೋಡ್ರಿ ಅತ್ತಿ," ಎಂದು ಸಂತೋಷದಿಂದ ಹೇಳಿದಳು.

ನಾನು ಕೂತು ಗಂಟು ಬಿಚ್ಚಿದೆ. ಗಂಗವ್ವ ಹಣೆ ಚಚ್ಚಿಕೊಂಡಳು. ಸರೋಜಾ ಸ್ನಾನ ಮಾಡಿ, ಜಡೆ ಹಾಕಿಕೊಂಡು ಬಂದು ನಿಂತಳು. "ದಾರಿಗೆ ಎಷ್ಟು ಬೇಕು?" ಎಂದು ಒಂದು ಸಲ ಕೇಳಿದೆ.

ತಾಯಿಯನ್ನು ನೋಡಿದಳು, ರೊಟ್ಟಿಯ ರಾಶಿ ನೋಡಿದಳು, ನನ್ನನ್ನು ನೋಡಿದಳು. "ಹತ್ತು ಬೇಕು, ಆಯಿ. ಶೇಂಗಾ ಚಟ್ನಿಪುಡಿ ಬೇಕು. ಚಟ್ನಿಪುಡಿ ಭಾಳ ಬೇಕು."

ಎಣಿಸಿ ಹತ್ತು ಇಟ್ಟೆ, ಒಂದು ಡಬ್ಬಿ ತುಂಬ ಚಟ್ನಿಪುಡಿ ಇಟ್ಟೆ. ಗಂಟು ಕಟ್ಟುವುದರೊಳಗೆ ನನ್ನ ಕೈ ತಾನಾಗಿಯೇ ಹನ್ನೊಂದನೆಯದನ್ನು ಎತ್ತಿತ್ತು. ಅದನ್ನು ಒಳಗೆ ಹಾಕಲಿಲ್ಲ. ಲಟಕ್ಕನೆ ಮುರಿದು, ಬಸ್ಸಿನ ಹಾರ್ನು ಕೇಳಿಸುವವರೆಗೆ ಅಲ್ಲೇ ಕೂತು ನಾನೇ ತಿಂದೆ.